ಒಂದನೆಯ ಕಂಬ

ಚಾಮರಾಜನಗರ
5 ಆಗಸ್ಟ್ 2024

ತೇಜಸ್ವಿನಿ ಅವರಿಗೆ,

ನಮಸ್ಕಾರ. ಗುಂಡ್ಲುಪೇಟೆಯ ಕಾಡಂಚು ಬಳಗದ ನೀಲಕಂಠಸ್ವಾಮಿಯವರು ನಿಮ್ಮ ಇಮೇಲ್ ವಿಳಾಸ ಕೊಟ್ಟರು. ನಾನು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸದ್ಯ ರಜೆಯಲ್ಲಿದ್ದೇನೆ. ಕರಿಕಲ್ಲಿನ ಕ್ವಾರಿಗಳಲ್ಲಿ ಬಂಡೆ ಸಿಡಿಸಿದಾಗ ಸುತ್ತಲಿನ ನೆಲ ಎಷ್ಟು ನಡುಗುತ್ತದೆ ಎಂದು ಅಳೆಯುವುದು ನನ್ನ ಸಂಶೋಧನೆ. ಅದೇ ಲೆಕ್ಕದಿಂದ ಆನೆಯ ಹೆಜ್ಜೆಯನ್ನೂ ಗುರುತಿಸಬಹುದು ಎಂದು ಒಂದು ಸಭೆಯಲ್ಲಿ ಹೇಳಿಬಿಟ್ಟೆ. ನೀಲಕಂಠಸ್ವಾಮಿಯವರು ಆ ಮಾತನ್ನು ಬಿಡಲಿಲ್ಲ.

ಆನೆ ನಡೆದರೆ ನೆಲ ನಡುಗುವ ರೀತಿಯೇ ಬೇರೆ. ದನದ್ದು ಬೇರೆ, ಟ್ರ್ಯಾಕ್ಟರಿನದು ಬೇರೆ. ಅದನ್ನು ವಿಂಗಡಿಸುವ ಪ್ರೋಗ್ರಾಂ ನನ್ನ ಬಳಿ ಇದೆ. ಆದರೆ ಅದು ಮ್ಯಾಟ್‌ಲ್ಯಾಬ್ ಭಾಷೆಯಲ್ಲಿದೆ. ಓದು ಮುಗಿಸಿದಂದಿನಿಂದ ನಾನು ಬರೆದಿರುವುದು ಆ ಒಂದೇ ಭಾಷೆಯಲ್ಲಿ. ಆನೆ ಬಂದರೆ ಎಚ್ಚರಿಸಲು ನೀವು ನೆಡುವ ಕಂಬಗಳಲ್ಲಿ ಕೂರಿಸುವ ಪುಟ್ಟ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲವಂತೆ, ಎಲ್ಲವನ್ನೂ ಪೈಥಾನ್ ಭಾಷೆಗೆ ತರಬೇಕಂತೆ. ಅವರು ನಿಮ್ಮ ಹೆಸರು ಹೇಳಿದಾಗ, ಆ ಹುಡುಗಿಯೇ ಮಾಡಲಿ ಎಂದೆ. "ಆ ಹುಡುಗಿಗೆ ಭೌತಶಾಸ್ತ್ರ ಬರಲ್ಲ ಮೇಡಂ, ನಿಮಗೆ ಭಾಷೆ ಬರಲ್ಲ. ಒಬ್ರಿಗೊಬ್ರು ಹೇಳ್ಕೊಡಿ" ಅಂದರು.

ಒಂದು ಕೋರಿಕೆ. ದಯವಿಟ್ಟು ಫೋನ್ ಮಾಡಬೇಡಿ. ಏನಿದ್ದರೂ ಬರೆದು ಕಳಿಸಿ. ನಾನೂ ಬರೆಯುತ್ತೇನೆ.

ಇತಿ,
ಶಶಿರೇಖಾ


ಗುಂಡ್ಲುಪೇಟೆ
7 ಆಗಸ್ಟ್ 2024

ಶಶಿರೇಖಾ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು. ನಾನು ಇಂಜಿನಿಯರಿಂಗ್ ಮುಗಿಸಿ ಬಳಗ ಸೇರಿ ಎರಡು ವರ್ಷವಾಯಿತು. ನಮ್ಮೂರು ಹಂಗಳ. ಅಪ್ಪ ಗೋವಿಂದಯ್ಯ, ಅಮ್ಮ ಈರಮ್ಮ. ಬಾಳೆ, ಚೆಂಡುಹೂವು ಬೆಳೆಯುತ್ತಾರೆ. ಹೊಲದ ಆಚೆಗೇ ಕಾಡು. ಆನೆ ಬರುವುದು ನಮ್ಮಲ್ಲಿ ಸುದ್ದಿಯಲ್ಲ. ಬರುವ ಮೊದಲೇ ಗೊತ್ತಾದರೆ ಅದು ಸುದ್ದಿ.

ಕೆಲಸ ಇಷ್ಟು ಮೇಡಂ. ಕಾಡಂಚಿನಲ್ಲಿ ಊರಿಗೊಂದು ಕಂಬ ನೆಡುತ್ತೇವೆ. ಪ್ರತಿ ಕಂಬದ ಬುಡದಲ್ಲಿ ನೆಲದ ನಡುಕ ಅಳೆಯುವ ಸೆನ್ಸರ್ ಇರುತ್ತದೆ. ನಡುಕ ಆನೆಯದ್ದೇ ಎಂದು ನಿಮ್ಮ ಪ್ರೋಗ್ರಾಂ ಹೇಳಿದರೆ ಆ ಊರಿನವರ ಮೊಬೈಲಿಗೆ ಸಂದೇಶ ಹೋಗಬೇಕು. ಕಂಬಗಳಿಗೆ ನಂಬರು ಬರೆಸಿದ್ದೇವೆ. ಹಂಗಳದ್ದು ಒಂದನೆಯ ಕಂಬ.

ಪೈಥಾನ್ ಸುಲಭ ಮೇಡಂ, ಹೆದರಬೇಡಿ. ಮೊದಲಿಗೆ ಒಂದೇ ಒಂದು ವಿಷಯ ನೆನಪಿರಲಿ. ಮ್ಯಾಟ್‌ಲ್ಯಾಬ್‌ನಲ್ಲಿ ಪಟ್ಟಿಯ ಮೊದಲನೆಯದಕ್ಕೆ ನೀವು ಒಂದು ಎನ್ನುತ್ತೀರಿ. ಪೈಥಾನ್‌ನಲ್ಲಿ ಅದಕ್ಕೆ ಸೊನ್ನೆ ಎನ್ನುತ್ತಾರೆ. ಎರಡನೆಯದು ಒಂದು, ಮೂರನೆಯದು ಎರಡು.

ಫೋನಿನಲ್ಲಾದರೆ ಇದೆಲ್ಲ ಹತ್ತು ನಿಮಿಷದ ಮಾತು. ನಿಮಗೆ ಬಿಡುವಿಲ್ಲ ಅನ್ನಿಸುತ್ತದೆ. ಇರಲಿ, ಬರೆಯುತ್ತೇನೆ.

ಇತಿ,
ತೇಜಸ್ವಿನಿ


ಚಾಮರಾಜನಗರ
20 ಆಗಸ್ಟ್ 2024

ತೇಜಸ್ವಿನಿ ಅವರಿಗೆ,

ನಿಮ್ಮ ಸುಲಭದ ಭಾಷೆ ನನ್ನ ತಲೆ ತಿನ್ನುತ್ತಿದೆ. ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೇನೆ ಎಂಬುದರ ಮೇಲೆ ಅರ್ಥವೇ ಬದಲಾಗುವ ಭಾಷೆಯನ್ನು ನಾನು ಈವರೆಗೆ ಕಂಡಿಲ್ಲ. ಒಂದು ಸಾಲು ಚೂರು ಒಳಗೆ ಸರಿದಿದ್ದಕ್ಕೆ ಇಡೀ ಬೆಳಿಗ್ಗೆ ಹೋಯಿತು. ಅಕ್ಕ ಗಂಗಾಂಬಿಕೆ ಕುದೇರಿನಿಂದ ಬಂದು ನನ್ನ ಜೊತೆ ಇದ್ದಾಳೆ. ಅವಳು ಇಣುಕಿ ನೋಡಿ, "ಅದೇನ್ಲೇ ಅದು, ಒಂದು ಗೀಟಿಗೆ ಇಷ್ಟೊತ್ತು ಕೂತಿದ್ದೀಯಲ್ಲ, ರಂಗೋಲಿ ಬುಟ್ಟಿದ್ರೆ ಮುಗ್ದೋಗಿರದು" ಅಂದಳು.

ಇನ್ನೊಂದು. ಕ್ವಾರಿಯಲ್ಲಿ ಅಳೆದ ಅಂಕಿಗಳ ಒಂದು ನಕಲು ಮಾಡಿಕೊಂಡೆ. ನಕಲನ್ನು ತಿದ್ದಿದೆ. ಹಿಂತಿರುಗಿ ನೋಡಿದರೆ ಮೂಲವೂ ತಿದ್ದಿಹೋಗಿತ್ತು! ಮ್ಯಾಟ್‌ಲ್ಯಾಬ್‌ನಲ್ಲಿ ನಕಲು ಎಂದರೆ ನಕಲು. ಇದು ಯಾವ ನ್ಯಾಯ?

ಸೊನ್ನೆಯ ವಿಷಯ ಅರ್ಥವಾಗಿದೆ. ಮತ್ತೆ ಹೇಳುವ ಅಗತ್ಯವಿಲ್ಲ.

ಇತಿ,
ಶಶಿರೇಖಾ


ಗುಂಡ್ಲುಪೇಟೆ
22 ಆಗಸ್ಟ್ 2024

ಮೇಡಂ,

ನಮಸ್ಕಾರ. ನೀವು ಮಾಡಿದ್ದು ನಕಲಲ್ಲ, ಅದೇ ಪೆಟ್ಟಿಗೆಗೆ ಇಟ್ಟ ಇನ್ನೊಂದು ಹೆಸರು. ನನಗೆ ಶಾಲೆಯಲ್ಲಿ ತೇಜಸ್ವಿನಿ ಅಂತ ಹೆಸರು, ಮನೆಯಲ್ಲಿ ಪುಟ್ಟಿ. ಪುಟ್ಟಿಗೆ ಜ್ವರ ಬಂದ ದಿನ ತೇಜಸ್ವಿನಿ ಶಾಲೆಗೆ ಹೋಗುತ್ತಿರಲಿಲ್ಲ. ಹಾಗೆ. ನಿಜವಾದ ನಕಲು ಬೇಕಿದ್ದರೆ ಕಾಪಿ ಮಾಡು ಎಂದು ಬಾಯಿಬಿಟ್ಟು ಹೇಳಬೇಕು.

ಜೊತೆಗೆ ಒಂದಿಷ್ಟು ವಿಡಿಯೋಗಳ ಲಿಂಕ್ ಕಳಿಸಿದ್ದೇನೆ. ಹೈಸ್ಕೂಲ್ ಮಕ್ಕಳಿಗೆ ಮಾಡಿದ್ದು, ತುಂಬಾ ಸರಳವಾಗಿವೆ. ನಿಮಗೂ ಅನುಕೂಲ ಆಗಬಹುದು.

ಇತಿ,
ತೇಜಸ್ವಿನಿ


ಚಾಮರಾಜನಗರ
2 ಸೆಪ್ಟೆಂಬರ್ 2024

ತೇಜಸ್ವಿನಿ ಅವರಿಗೆ,

ಮಕ್ಕಳ ವಿಡಿಯೋ ನೋಡಿದೆ. ಧನ್ಯವಾದ.

ಪ್ರೋಗ್ರಾಂ ಮುಗಿದಿದೆ. ಎರಡು ಫೈಲುಗಳಿವೆ. ಮೊದಲನೆಯದು ನಡುಕವನ್ನು ಓದಿ ಅದು ಆನೆಯೋ ಅಲ್ಲವೋ ಎಂದು ತೀರ್ಮಾನಿಸಿ ಕಂಬದ ನಂಬರು ಕೊಡುತ್ತದೆ. ಎರಡನೆಯದು ಆ ನಂಬರು ಹಿಡಿದು ಊರಿನ ಪಟ್ಟಿಯಲ್ಲಿ ಹುಡುಕಿ ಆ ಊರಿಗೆ ಸಂದೇಶ ಕಳಿಸುತ್ತದೆ. ನೋಡಿಕೊಳ್ಳಿ.

ಇತಿ,
ಶಶಿರೇಖಾ


ಗುಂಡ್ಲುಪೇಟೆ
6 ಸೆಪ್ಟೆಂಬರ್ 2024

ಮೇಡಂ,

ನಮಸ್ಕಾರ. ಪ್ರೋಗ್ರಾಂ ಬಹಳ ಚೆನ್ನಾಗಿದೆ. ಆನೆ ಮತ್ತು ಎತ್ತಿನಗಾಡಿಯ ವ್ಯತ್ಯಾಸ ಹಿಡಿದಿರುವ ರೀತಿ ನೋಡಿ ಆಶ್ಚರ್ಯವಾಯಿತು. ಅದನ್ನು ನಾನು ಜನ್ಮದಲ್ಲಿ ಮಾಡುತ್ತಿರಲಿಲ್ಲ. ಸಣ್ಣಪುಟ್ಟದ್ದನ್ನು ನಾನೇ ಓರಣ ಮಾಡಿಕೊಂಡಿದ್ದೇನೆ, ಹೇಳುವಂಥದ್ದೇನೂ ಇಲ್ಲ.

ವಿಡಿಯೋ ಕಳಿಸಿದ್ದು ನಿಮಗೆ ಬೇಸರವಾಯಿತೇನೋ. ಹಾಗೆ ಅಂದುಕೊಂಡು ಕಳಿಸಿದ್ದಲ್ಲ.

ಇತಿ,
ತೇಜಸ್ವಿನಿ


ಚಾಮರಾಜನಗರ
9 ಸೆಪ್ಟೆಂಬರ್ 2024

ತೇಜಸ್ವಿನಿ ಅವರಿಗೆ,

ಬೇಸರವೇನಿಲ್ಲ. ಎರಡನೆಯ ಫೈಲನ್ನು ಇನ್ನೊಮ್ಮೆ ಕಳಿಸುತ್ತಿದ್ದೇನೆ. ಒಂದು ಸಾಲನ್ನು ಒಪ್ಪ ಮಾಡಿದ್ದೇನೆ, ಅಷ್ಟೇ. ಹಳೆಯದನ್ನು ತೆಗೆದು ಇದನ್ನು ಹಾಕಿಕೊಳ್ಳಿ.

ಇತಿ,
ಶಶಿರೇಖಾ


ಗುಂಡ್ಲುಪೇಟೆ
20 ಅಕ್ಟೋಬರ್ 2024

ಮೇಡಂ,

ನಮಸ್ಕಾರ. ಮಳೆಯಿಂದ ತಡವಾಯಿತು, ಅಂತೂ ಕಂಬಗಳೆಲ್ಲ ನಿಂತವು! ನಿನ್ನೆ ಶುರು ಮಾಡಿದೆವು. ಎಲ್ಲ ಊರುಗಳಿಗೂ ಒಟ್ಟಿಗೆ ಒಂದು ಪರೀಕ್ಷಾ ಸಂದೇಶ ಕಳಿಸಿದೆವು, ಎಲ್ಲರಿಗೂ ಮುಟ್ಟಿತು. ನೀವು ಬರುತ್ತೀರಿ ಎಂದು ನೀಲಕಂಠಸ್ವಾಮಿ ಸರ್ ಕುರ್ಚಿ ಹಾಕಿಸಿದ್ದರು. ನೀವು ಬರಲಿಲ್ಲ. ಮೈಕಿನಲ್ಲಿ ನಿಮ್ಮ ಹೆಸರು ಹೇಳಿದರು.

ನಮ್ಮಪ್ಪನಿಗೆ ಈ ಮೊಬೈಲಿನ ಸಂಭ್ರಮ ಹೇಳತೀರದು. ಬಂದವರಿಗೆಲ್ಲ ತೋರಿಸುತ್ತಾರೆ. "ಇನ್ಮೇಲೆ ಆನೆನೇ ಫೋನ್ ಮಾಡ್ಬುಟ್ಟು ಬತ್ತದ ಕಣಮ್ಮಿ" ಅಂದರು.

ಒಮ್ಮೆಯಾದರೂ ಬನ್ನಿ ಮೇಡಂ. ಚಾಮರಾಜನಗರವೇನು ದೂರವಲ್ಲ.

ಇತಿ,
ತೇಜಸ್ವಿನಿ


ಗುಂಡ್ಲುಪೇಟೆ
24 ಅಕ್ಟೋಬರ್ 2024

ಶಶಿರೇಖಾ ಮೇಡಂ ಅವರಿಗೆ,

ಮೊನ್ನೆ ಮಬ್ಬು ಬೆಳಕಿನಲ್ಲಿ ಹಂಗಳದ ಹತ್ತಿರ ಆನೆಗಳು ಕಾಡಿಗೆ ಮರಳುವಾಗ ಒಬ್ಬ ರೈತರು ಅಡ್ಡ ಸಿಕ್ಕಿದರು. ಹೂ ಕೊಯ್ಯಲು ಹೊಲಕ್ಕೆ ಹೊರಟಿದ್ದರು. ಆನೆ ಸೊಂಡಿಲಿನಿಂದ ಎತ್ತಿ ಪಕ್ಕಕ್ಕೆ ಎಸೆದಿದೆ. ತೊಡೆಯ ಮೂಳೆ ಮುರಿದಿದೆ. ಜೀವಕ್ಕೆ ಅಪಾಯವಿಲ್ಲ ಎನ್ನುತ್ತಾರೆ.

ಒಂದನೆಯ ಕಂಬದ ಸೆನ್ಸರ್ ಆನೆಯನ್ನು ಸರಿಯಾಗಿಯೇ ಗುರುತಿಸಿದೆ. ಆದರೆ ಹಂಗಳದ ಯಾರ ಮೊಬೈಲಿಗೂ ಸಂದೇಶ ಬಂದಿಲ್ಲ. ಅದು ಪಟ್ಟಿಯ ಕೊನೆಯಲ್ಲಿರುವ ಊರಿಗೆ ಹೋಗಿದೆ. ಅಲ್ಲಿ ಜನ ಎದ್ದು ತಮಟೆ ಬಡಿದು ಪಟಾಕಿ ಹೊಡೆದಿದ್ದಾರೆ. ಅಲ್ಲಿ ಆನೆಯೇ ಇರಲಿಲ್ಲ.

ಯಾಕೆ ಹೀಗಾಯಿತು ಎಂದು ನನಗೆ ನೋಡಲು ಆಗುತ್ತಿಲ್ಲ. ಈಗ ಓಡುತ್ತಿರುವ ಎರಡೂ ಫೈಲುಗಳನ್ನು ಕಳಿಸಿದ್ದೇನೆ. ದಯವಿಟ್ಟು ನೀವು ನೋಡಿ.

ತೇಜಸ್ವಿನಿ


ಚಾಮರಾಜನಗರ
26 ಅಕ್ಟೋಬರ್ 2024

ತೇಜಸ್ವಿನಿ ಅವರಿಗೆ,

ಸಿಕ್ಕಿತು.

ನಾನು ಮೊದಲ ಸಲ ಕಳಿಸಿದಾಗ ಎರಡನೆಯ ಫೈಲಿನಲ್ಲಿ ಕಂಬದ ನಂಬರನ್ನು ಇದ್ದ ಹಾಗೆಯೇ ಪಟ್ಟಿಗೆ ಕೊಟ್ಟಿದ್ದೆ, ನನ್ನ ಹಳೆಯ ಅಭ್ಯಾಸದಂತೆ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಅದರಲ್ಲಿ ಒಂದು ಕಳೆಯಬೇಕಿತ್ತು. ಕಳಿಸಿದ ಮೇಲೆ ಹೊಳೆಯಿತು. ಸೊನ್ನೆಯ ವಿಷಯ ಅರ್ಥವಾಗಿದೆ, ಮತ್ತೆ ಹೇಳಬೇಡಿ ಎಂದು ನಿಮಗೆ ಗತ್ತಿನಿಂದ ಬರೆದಿದ್ದೆನಲ್ಲ. ಹಾಗಾಗಿ ತಪ್ಪಿದೆ ಎಂದು ಹೇಳಲು ಮನಸ್ಸಾಗದೆ, ಎರಡನೆಯ ಫೈಲಿನಲ್ಲಿ ಒಂದು ಕಳೆದು, "ಒಪ್ಪ ಮಾಡಿದ್ದೇನೆ" ಎಂದು ಕಳಿಸಿದೆ.

ಅಷ್ಟರಲ್ಲಿ ಮೊದಲನೆಯ ಫೈಲಿನಲ್ಲೂ ಒಂದು ಕಳೆದಾಗಿತ್ತು. ಅದನ್ನು ಮಾಡಿದ್ದು ನಾನಲ್ಲ.

ಒಂದನೆಯ ಕಂಬಕ್ಕೆ ಎರಡು ಸಲ ಒಂದೊಂದು ಕಳೆದರೆ ಮೈನಸ್ ಒಂದು. ಮ್ಯಾಟ್‌ಲ್ಯಾಬ್ ಆಗಿದ್ದರೆ ಇಂಥ ಜಾಗವೇ ಇಲ್ಲ ಎಂದು ಕೆಂಪಕ್ಷರದಲ್ಲಿ ಕೂಗಿ ಅಲ್ಲೇ ನಿಲ್ಲುತ್ತಿತ್ತು. ಪೈಥಾನ್ ಕೂಗುವುದಿಲ್ಲ. ಮೈನಸ್ ಒಂದು ಎಂದರೆ ಪಟ್ಟಿಯ ಕೊನೆಯದು ಎಂದು ಅದರ ಲೆಕ್ಕ. ಸದ್ದಿಲ್ಲದೆ ಕೊನೆಯ ಊರಿಗೆ ಸಂದೇಶ ಕಳಿಸಿತು.

ಸರಿಮಾಡಿದ ಫೈಲುಗಳು ಜೊತೆಗಿವೆ. ಈ ಕೆಲಸದಿಂದ ನನ್ನನ್ನು ಬಿಡುಗಡೆ ಮಾಡಿ ಎಂದು ನೀಲಕಂಠಸ್ವಾಮಿಯವರಿಗೂ ಬರೆದಿದ್ದೇನೆ. ಈ ವಯಸ್ಸಿನಲ್ಲಿ ಇನ್ನೊಂದು ಭಾಷೆಗೆ ಕೈಹಾಕಬಾರದಿತ್ತು.

ಆ ರೈತರು ಯಾರು? ನಿಮ್ಮ ಮನೆಯವರೆಲ್ಲ ಕ್ಷೇಮವಷ್ಟೇ?

ಶಶಿರೇಖಾ


ಗುಂಡ್ಲುಪೇಟೆ
28 ಅಕ್ಟೋಬರ್ 2024

ಮೇಡಂ,

ಮೊದಲನೆಯ ಫೈಲಿನಲ್ಲಿ ಒಂದು ಕಳೆದವಳು ನಾನು. ನಿಮ್ಮ ತಪ್ಪು ನೋಡಿದ ದಿನವೇ ಕಳೆದೆ. ಹೇಳಿದರೆ ನಿಮಗೆ ನೋವಾಗುತ್ತದೆ, ವಿಡಿಯೋ ವಿಷಯದಲ್ಲಿ ಆದ ಹಾಗೆ ಆಗುತ್ತದೆ ಎಂದು ಸುಮ್ಮನಾದೆ. ನಿಮ್ಮ ಹೊಸ ಫೈಲು ಬಂದಾಗ ತೆರೆದು ಸಹ ನೋಡಲಿಲ್ಲ. ಇಷ್ಟು ದೊಡ್ಡವರು ಒಪ್ಪ ಮಾಡಿದ್ದೇನೆ ಎಂದ ಮೇಲೆ ನೋಡುವುದೇನು ಅಂದುಕೊಂಡೆ. ನೀವೊಬ್ಬರೇ ಹೊತ್ತುಕೊಳ್ಳಬೇಡಿ.

ಇನ್ನೊಂದು ಹೇಳಬೇಕು. ಬಿಡುತ್ತೇನೆ ಎಂದು ನೀವು ಬರೆದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ನೀವು ಬೇಡವೆಂದಿದ್ದರೂ ನಿನ್ನೆ ಫೋನ್ ಮಾಡಿದೆ. ನಿಮ್ಮ ಅಕ್ಕ ಎತ್ತಿದರು. ಮೇಡಂಗೆ ಕೊಡಿ ಅಂದೆ. "ಅವಳು ಮಾತಾಡಕ್ಕಾಗಲ್ಲ ಕಣವ್ವ. ಗಂಟ್ಲು ಆಪರೇಸನ್ ಆಗಿ ಆರು ತಿಂಗಳಾಯ್ತು, ಸ್ವರನೇ ಬರ್ತಿಲ್ಲ. ನಿಂಗೆ ಗೊತ್ತಿಲ್ವಾ?" ಅಂದರು.

ಇಷ್ಟು ದಿನ ನಾನು ಏನಂದುಕೊಂಡಿದ್ದೆ ಗೊತ್ತೇ ಮೇಡಂ? ಹಳ್ಳಿ ಹುಡುಗಿಯ ಜೊತೆ ಮಾತಾಡುವುದು ನಿಮಗೆ ಕಡಿಮೆ ಅನ್ನಿಸುತ್ತದೆ ಅಂತ. ಕುರ್ಚಿ ಖಾಲಿ ಇದ್ದದ್ದಕ್ಕೂ ಅದೇ ಕಾರಣ ಅಂತ. ಒಂದು ಮಾತು ಬರೆಯಬಹುದಿತ್ತು.

ಮನೆಯಲ್ಲಿ ಎಲ್ಲರೂ ಕ್ಷೇಮ. ಆ ರೈತರು ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ.

ತೇಜಸ್ವಿನಿ


ಚಾಮರಾಜನಗರ
3 ನವೆಂಬರ್ 2024

ತೇಜಸ್ವಿನಿ,

ನಿನ್ನೆ ನೀಲಕಂಠಸ್ವಾಮಿಯವರು ಮನೆಗೆ ಬಂದಿದ್ದರು. ಬಿಡಬೇಡಿ ಎಂದು ಕೇಳಲು ಬಂದವರು ಮಾತಿನ ನಡುವೆ, "ಪಾಪ, ಆ ಹುಡುಗಿ ಅಪ್ಪನ್ನ ಆಸ್ಪತ್ರೇಲಿ ಬಿಟ್ಟು ಆಫೀಸಿಗೂ ಓಡಾಡ್ತಾ ಇದ್ದಾಳೆ" ಅಂದರು. ಯಾವ ಹುಡುಗಿ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ನನ್ನ ಮುಖ ನೋಡಿದರು. ಅವಳು ನಿಮಗೆ ಹೇಳಿಲ್ಲವೇ ಎಂದರು.

"ಒಬ್ಬ ರೈತರು" ಎಂದು ಬರೆದೆಯಲ್ಲ ತಾಯಿ. ಆ ಎರಡು ಪದ ಬರೆಯಲು ನಿನಗೆ ಹೇಗೆ ಕೈ ಬಂತು? ಮನೆಯಲ್ಲಿ ಎಲ್ಲರೂ ಕ್ಷೇಮ ಎಂದೆ. ನಾನು ನಂಬಿದೆ. ಯಾಕೆಂದರೆ ನನಗೆ ನಂಬಬೇಕಿತ್ತು.

ನನ್ನ ಧ್ವನಿಯ ವಿಷಯ ಹೇಳುತ್ತೇನೆ. ಕುತ್ತಿಗೆಯಲ್ಲಿ ಗಂಟು ಬೆಳೆದಿತ್ತು. ತೆಗೆದರು. ಸ್ವರದ ನರ ಗಂಟಿಗೇ ಅಂಟಿಕೊಂಡಿತ್ತು, ಅದನ್ನು ಉಳಿಸಲಾಗಲಿಲ್ಲ. ಈಗ ಬರುವುದು ಪಿಸುಮಾತು ಮಾತ್ರ. ಇಷ್ಟು ವರ್ಷ ನಾನು ಮೈಕಿಲ್ಲದೆ ಪಾಠ ಮಾಡಿದವಳು, ಕೊನೆಯ ಬೆಂಚಿನವರೂ ತೂಕಡಿಸುವಂತಿರಲಿಲ್ಲ. ಹಾಗಿದ್ದವಳು ಫೋನಿನಲ್ಲಿ "ಹಲೋ" ಎಂದರೆ ಆಚೆಯವರು "ಯಾರು, ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತಾರೆ. ಅದನ್ನು ನಿನಗೆ ಹೇಳಿ ಪರಿಚಯ ಶುರುಮಾಡಲು ನನಗೆ ಇಷ್ಟವಿರಲಿಲ್ಲ. ಹೇಳಬೇಡಿ ಎಂದು ನೀಲಕಂಠಸ್ವಾಮಿಯವರಿಗೂ ಬರೆದಿದ್ದೆ. ಕೆಲಸ ಗೊತ್ತಿರುವವಳು ಎಂದಷ್ಟೇ ನೀನು ತಿಳಿಯಲಿ ಎಂದಿತ್ತು. ಹೊಸ ಭಾಷೆ ಕಲಿಯಲು ಒಪ್ಪಿದ್ದೂ ಅದಕ್ಕೇ. ತರಗತಿ ಇಲ್ಲದ ಮೇಲೆ ಏನಾದರೂ ಬೇಕಿತ್ತು.

ಅಪ್ಪ ಹೇಗಿದ್ದಾರೆ? ಈ ಸಲ ನಿಜ ಬರೆ.

ಶಶಿರೇಖಾ


ಮೈಸೂರು
8 ನವೆಂಬರ್ 2024

ಮೇಡಂ,

ನಿಜ ಬರೆಯುತ್ತೇನೆ. ತೊಡೆಯಲ್ಲಿ ಹಾಕಿದ ರಾಡ್ ಸರಿ ಕೂರಲಿಲ್ಲ. ನಾಳಿದ್ದು ಇನ್ನೊಂದು ಆಪರೇಷನ್. ಅಪ್ಪ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದಾರೆ. ಅವರ ಜೊತೆ ನಾನಿದ್ದೇನೆ. ಹಸು ಇರುವುದರಿಂದ ಅಮ್ಮ ಊರಿನಲ್ಲೇ ಇದ್ದಾರೆ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ ಕೂಡಲೇ ನೀವು ನನ್ನನ್ನು ಗೋವಿಂದಯ್ಯನ ಮಗಳು ಅಂತ ನೋಡುತ್ತೀರಿ. ಲೆಕ್ಕ ಹುಡುಕುವ ಬದಲು ನನ್ನನ್ನು ಸಮಾಧಾನ ಮಾಡಲು ಕೂರುತ್ತೀರಿ. ನನಗೆ ಬೇಕಿದ್ದದ್ದು ಕಾರಣ. ಕಾರಣ ಸಿಕ್ಕಿದಾಗ ಅದರಲ್ಲಿ ನಾನೇ ಇದ್ದೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಅಪ್ಪನಿಗೂ ಅಮ್ಮನಿಗೂ ಇನ್ನೂ ಹೇಳಿಲ್ಲ.

ಊರಲ್ಲಿ ಕಂಬ ಕಿತ್ತುಹಾಕಬೇಕು ಎನ್ನುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ನಮ್ಮಮ್ಮನೇ ಇದ್ದಾರಂತೆ. ರಂಗನಾಯಕ ಮಾವ ಫೋನ್ ಮಾಡಿ, "ನಿಮ್ಮವ್ವ ಗುದ್ಲಿ ತಕಂಡು ನಿಂತವ್ಳೆ ಕಣಮ್ಮಿ" ಅಂದರು. ಹಂಗಳ ಕಿತ್ತರೆ ಉಳಿದ ಊರುಗಳೂ ಕೀಳುತ್ತವೆ. ಆನೆಗಳು ಬರುವುದಂತೂ ನಿಲ್ಲುವುದಿಲ್ಲ. ನೀಲಕಂಠಸ್ವಾಮಿ ಸರ್ ಹೋದರೆ ಅವರ ಮಾತು ಯಾರೂ ಕೇಳುತ್ತಿಲ್ಲ. ನೀವು ಹೋಗಿ ಎಂದು ನಾನು ಕೇಳುತ್ತಿಲ್ಲ ಮೇಡಂ. ಅಮ್ಮನ ಬಾಯಿ ನಿಮಗೆ ಗೊತ್ತಿಲ್ಲ.

ತೇಜಸ್ವಿನಿ


ಚಾಮರಾಜನಗರ
14 ನವೆಂಬರ್ 2024

ಪ್ರೀತಿಯ ತೇಜಸ್ವಿನಿ,

ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದು ಜೀವ ಬಂತು.

ನಾನು ಹಂಗಳಕ್ಕೆ ಹೋಗಿದ್ದೆ. ಗುಂಡ್ಲುಪೇಟೆಯವರೆಗೆ ಬಸ್ಸು, ಅಲ್ಲಿಂದ ನೀಲಕಂಠಸ್ವಾಮಿಯವರ ಬೈಕಿನ ಹಿಂದೆ. ಹಾಲಿನ ಡೈರಿಯ ಮುಂದೆ ಜನ ಸೇರಿದ್ದರು. ಒಂದನೆಯ ಕಂಬವನ್ನು ಆಗಲೇ ಕಿತ್ತು ತಂದು ಗೋಡೆಗೆ ಒರಗಿಸಿದ್ದರು. ಬುಡದಲ್ಲಿ ಇನ್ನೂ ಹಸಿಮಣ್ಣು ಇತ್ತು.

ನಿಮ್ಮಮ್ಮನನ್ನು ಯಾರೂ ತೋರಿಸಬೇಕಾಗಲಿಲ್ಲ. ನಾನು ಯಾರೆಂದು ಗೊತ್ತಿಲ್ಲದೆಯೇ ನನ್ನ ಎದುರು ಬಂದು ನಿಂತರು.

"ನಮ್ಮನೆಯವ್ರು ಆ ಫೋನ್ನೇ ನಂಬ್ಕಂಡು ಓದ್ರು ಕಣ್ರವ್ವ. ಬೆಳಕರೀಲಿ ತಡೀರಿ ಅಂತ ನಾ ಅಂದಿ. 'ಫೋನೇ ಬಂದಿಲ್ಲ, ಆನೆ ಎಲ್ಲಿಂದ ಬಂದದು' ಅಂದ್ಬುಟ್ಟು ಓದ್ರು. ಮೊದ್ಲಾದ್ರೆ ಕಾಡ್ ಕಡೆ ಕಿವಿ ಕೊಡೋರು, ನಾಯಿ ಬೊಗಳದ ಕೇಳೋರು, ಆಮ್ಯಾಕೆ ಓಗೋರು. ನಿಮ್ ಮಿಸೀನು ಬಂದ್ಮೇಲೆ ಅದ್ನೂ ಬುಟ್ರು. ಅದು ಯಾರ್ ಮಾಡುದ್ರೋ ಅವ್ರು ಬರ್ಲಿ, ನಾ ಕೇಳ್ಬೇಕು."

"ಮಾಡಿದವಳು ನಾನೇ" ಅಂದೆ.

ಕೇಳಿಸಲಿಲ್ಲ. "ಏನು? ಜೋರಾಗಿ ಯೋಳಿ" ಅಂದರು. ಮತ್ತೆ ಹೇಳಿದೆ. ಹಿಂದಿನವರು ಕೂಗಾಡತೊಡಗಿದರು. ನಾನು ಸೆರಗು ಸರಿಸಿ ಕುತ್ತಿಗೆಯ ಗೆರೆ ತೋರಿಸಿ, ನನಗಿರುವ ಸ್ವರ ಇಷ್ಟೇ ಎಂದು ಸನ್ನೆ ಮಾಡಿದೆ. ನಿಮ್ಮಮ್ಮ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟೇನೂ ಇಳಿದಿರಲಿಲ್ಲ. ಆದರೆ ಹತ್ತಿರ ಬಂದು ತಮ್ಮ ಕಿವಿಯನ್ನು ನನ್ನ ಬಾಯಿಯ ಬಳಿ ತಂದು, "ಯೋಳಿ, ನಾ ಯೋಳ್ತೀನಿ ಅವ್ರುಗೆ" ಅಂದರು.

ಆಮೇಲೆ ನಾನು ಹೇಳಿದ್ದನ್ನೆಲ್ಲ ಅವರು ಊರಿಗೆ ಕೇಳುವಂತೆ ಕೂಗಿದರು. "ತಪ್ಪು ನಂದೇ ಅಂತಾವ್ರೆ. ಕಂಬದ್ದಲ್ವಂತೆ. ಎಣ್ಸದ್ರಲ್ಲಿ ಎಡವ್ಬುಟ್ರಂತೆ. ನಮ್ಮೂರ್ ಫೋನು ಇನ್ನೊಂದೂರ್ಗೆ ಓಯ್ತಂತೆ." ನನ್ನ ತಪ್ಪನ್ನು ಅಷ್ಟು ಗಟ್ಟಿ ದನಿಯಲ್ಲಿ ಕೇಳಿಸಿಕೊಳ್ಳುತ್ತಾ ನಿಂತಿರುವುದು ಸುಲಭವಾಗಿರಲಿಲ್ಲ.

ರಂಗನಾಯಕರು, "ಈಗ ನೆಟ್ಗಾಯ್ತಾ? ನಂಬ್ಬೋದಾ?" ಎಂದು ಕೇಳಿದರು.

ಸರಿಮಾಡಿದ್ದೇನೆ, ಆದರೆ ಅದೊಂದನ್ನೇ ನಂಬಿ ಎಂದು ಹೇಳುವುದಿಲ್ಲ ಎಂದೆ. ಬಸ್ಸಿನಲ್ಲಿ ಬರುವಾಗ ಯೋಚಿಸಿದ್ದನ್ನು ಹೇಳಿದೆ. ಸಂದೇಶ ಬಂದರೆ ಊರಿನ ಒಬ್ಬರು ಬಳಗಕ್ಕೆ ತಿರುಗಿ ಫೋನ್ ಮಾಡಿ ಬಂತು ಎಂದು ತಿಳಿಸಬೇಕು. ಯಾರೂ ಮಾಡದಿದ್ದರೆ ಆ ಕಂಬದಲ್ಲೇ ಸೈರನ್ ಕೂಗುತ್ತದೆ. ಯಂತ್ರ ತಪ್ಪಿದರೆ ಮನುಷ್ಯರಿಗೆ ಗೊತ್ತಾಗಬೇಕು. ನಾಯಿ ಬೊಗಳುವುದನ್ನು ಕೇಳುವುದನ್ನೂ ಬಿಡಬೇಡಿ.

"ತಿರ್ಗಿ ಫೋನ್ ಮಾಡದ್ಯಾರು?" ಎಂದು ಯಾರೋ ಕೇಳಿದರು. ಕೊನೆಗೆ ನಿಮ್ಮಮ್ಮ, "ನನ್ ನಂಬರ್ ಬರ್ಕಳಿ" ಅಂದರು.

ಸಂಜೆ ರಂಗನಾಯಕರೂ ಇನ್ನಿಬ್ಬರೂ ಕಂಬವನ್ನು ಮತ್ತೆ ನೆಟ್ಟರು. ಹೊರಡುವಾಗ ನಿಮ್ಮಮ್ಮ ಲೋಟದಲ್ಲಿ ಮೆಣಸು ಹಾಕಿದ ಬಿಸಿಹಾಲು ತಂದುಕೊಟ್ಟರು. "ವಸಿ ಗಂಟ್ಲಿಗೆ ಒಳ್ಳೇದು" ಅಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಪಾಲಿನ ವಿಷಯ ಅಲ್ಲಿ ಎತ್ತಲಿಲ್ಲ. ಅದನ್ನು ಮನೆಯಲ್ಲಿ ಹೇಳುವುದು ನಿನ್ನ ಕೆಲಸ. ಹೇಳು ಎಂದೇ ನನ್ನ ಸಲಹೆ.

ನಾನು ಬಿಡುವುದಿಲ್ಲ. ಸೈರನ್ನಿನ ಫೈಲು ಶುರುಮಾಡಿದ್ದೇನೆ, ಪೈಥಾನ್‌ನಲ್ಲೇ. ಇನ್ನು ಮುಂದೆ ನಾನು ಒಂದು ಸಾಲು ಬದಲಿಸಿದರೂ ನಿನಗೆ ಬರೆಯುತ್ತೇನೆ, ನೀನು ಬದಲಿಸಿದರೂ ನನಗೆ ಬರೆಯಬೇಕು. ಬೇಸರವಾಗುತ್ತದೆಯೇ ಎಂದು ಯೋಚಿಸಬೇಡ. ಬೇಸರವಾದರೆ ಆಗಲಿ.

ಇತಿ,
ಶಶಿರೇಖಾ


ಹಂಗಳ
19 ಜನವರಿ 2025

ಪ್ರೀತಿಯ ಮೇಡಂ,

ನೀವು ಕಾಲೇಜಿಗೆ ಮರಳಿದ್ದು, ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಪಾಠ ಮಾಡುತ್ತಿರುವುದು ಓದಿ ಸಂತೋಷವಾಯಿತು. ನಿಮ್ಮ ವಿಭಾಗದ ಶಂಭುಲಿಂಗಪ್ಪ ಸರ್ ಕೂಡ ಪೈಥಾನ್ ಕಲಿಯಲು ನಿಮ್ಮ ಹತ್ತಿರ ಕೂರುತ್ತಿದ್ದಾರೆ ಎಂದಿರಿ. ಅವರು ತಪ್ಪಿದರೆ ಮುಖಕ್ಕೇ ಹೇಳಿಬಿಡಿ, ಪಾಪ ಎನ್ನಬೇಡಿ.

ಅಪ್ಪ ಮನೆಗೆ ಬಂದು ಒಂದು ತಿಂಗಳಾಯಿತು. ಕೋಲು ಹಿಡಿದು ಓಡಾಡುತ್ತಾರೆ. ಕಾಲು ಸ್ವಲ್ಪ ಗಿಡ್ಡವಾಗಿದೆ, ಇನ್ನು ಹಾಗೇ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಪಾಲಿನ ವಿಷಯ ಅವರಿಗೂ ಅಮ್ಮನಿಗೂ ಹೇಳಿದೆ. ಅಪ್ಪ ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ, "ನೀನೂ ಕಳ್ದೆ, ಅವ್ರೂ ಕಳುದ್ರು. ಒಬ್ರುಗೊಬ್ರು ಬಾಯ್ಬುಟ್ಟು ಯೋಳಕ್ಕೆ ಏನಾಗಿತ್ತಮ್ಮಿ?" ಅಂದರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕರೆದರು.

ಇವತ್ತು ಬರೆಯಲು ಕಾರಣ ಬೇರೆ. ಇವತ್ತು ಬೆಳಿಗ್ಗೆ, ಇನ್ನೂ ಮಂಜು ಕವಿದಿರುವಾಗ, ಒಂದನೆಯ ಕಂಬದಿಂದ ಸಂದೇಶ ಬಂತು. ಅಮ್ಮನ, ನನ್ನ, ರಂಗನಾಯಕ ಮಾವನ, ಬೀದಿಯವರೆಲ್ಲರ ಮೊಬೈಲುಗಳೂ ಒಟ್ಟಿಗೆ ಕೂಗಿದವು. ಅಮ್ಮ ಒಲೆ ಮುಂದಿನಿಂದ ಎದ್ದು ಬಳಗಕ್ಕೆ ಫೋನ್ ಮಾಡಿ, "ಬಂತು ಕಣಪ್ಪ, ಹಂಗಳಕ್ಕೇ ಬಂತು" ಅಂದರು. ಅಪ್ಪ ಹೊಲಕ್ಕೆ ಹೋಗಬೇಕೆಂದು ಟವೆಲ್ಲು ಹೆಗಲಿಗೆ ಹಾಕಿಕೊಂಡಿದ್ದವರು ಜಗುಲಿಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಬಾಳೆ ಗಿಡ ಮುರಿಯುವ ಸದ್ದು ಕೇಳಿಸಿತು. ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಸದ್ದು ಮುಗಿಯುವವರೆಗೂ ಅಲುಗಾಡದೆ ಕೂತಿದ್ದರು.

ಬಿಸಿಲು ಬಂದ ಮೇಲೆ ಹೋಗಿ ನೋಡಿದೆವು. ಅರ್ಧ ತೋಟ ನೆಲಕ್ಕೆ ಬಿದ್ದಿದೆ. ಗೊನೆ ಬಂದಿದ್ದ ಗಿಡಗಳೇ ಹೋಗಿವೆ. ಅಪ್ಪ ಬದುವಿನ ಮೇಲೆ ನಿಂತು ಆನೆಗಳನ್ನು ಬೈದರು. ಕಾಡನ್ನು ಬೈದರು. ಕಂಬವನ್ನು, ನೀಲಕಂಠಸ್ವಾಮಿ ಸರ್ ಅನ್ನು, ನಿಮ್ಮನ್ನು, ನನ್ನನ್ನು, ಯಾರನ್ನೂ ಬಿಡಲಿಲ್ಲ. "ಮುಂಚಿತ್ವಾಗಿ ಯೋಳ್ತದಂತೆ! ಯೋಳಿ ಏನ್ ಮಾಡ್ತು? ತಿನ್ಕಂಡ್ ಓದ್ವಲ್ಲ!" ಎಂದು ಕೂಗಾಡುತ್ತಿದ್ದರು. ನಾನು ಸಮಾಧಾನ ಮಾಡಲು ಹೊರಟೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು.

"ಬೈಲಿ ಬುಡಮ್ಮಿ" ಅಂದರು. "ಬೈಯಕ್ಕಾದ್ರೂ ಉಳ್ಕಂಡವ್ರಲ್ಲ, ಅಷ್ಟು ಸಾಕು."

ಇತಿ,
ತೇಜಸ್ವಿನಿ